ಎಂಕೆಜಿಮ್ಯಾಪ್: ಘಟ್ಟದ ಚಾರಣಕ್ಕೆ ನಕ್ಷೆ ಕಟ್ಟುವವರಿಗೆ ದೀರ್ಘ ಬಳಕೆಯ ವಿಮರ್ಶೆ

ಯಾರು ಬೇಕಾದರೂ ತಿದ್ದಬಹುದಾದ ಉಚಿತ ಲೋಕನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿಯನ್ನು ಗಾರ್ಮಿನ್ ಕೈ ಜಿಪಿಎಸ್ ಓದಬಲ್ಲ ನಕ್ಷೆಯಾಗಿಸುವ ಉಚಿತ ತಂತ್ರಾಂಶ ಎಂಕೆಜಿಮ್ಯಾಪ್. ಜಾವಾ ಇರುವ ಯಾವ ಕಂಪ್ಯೂಟರಿನಲ್ಲೂ ಓಡುತ್ತದೆ. ಬಟನ್ನು, ಮೆನು ಏನೂ ಇಲ್ಲ, ಎಲ್ಲವೂ ಕಮಾಂಡಿನಲ್ಲೇ. ಮೊದಲ ವಾರ ತಲೆನೋವು, ಆಮೇಲೆ ಕಮಾಂಡುಗಳನ್ನೆಲ್ಲ ಸಾಲಾಗಿ ಓಡಿಸುವ ಒಂದು ಬ್ಯಾಚ್ ಫೈಲ್ ಬರೆದಿಟ್ಟುಕೊಂಡರೆ ಮುಗಿಯಿತು. ತಂತ್ರಾಂಶವೇ ಕೈಕೊಡುವುದು ಅಪರೂಪ. ಎಡವುವುದು ನಾವು ಕೊಡುವ ಐಡಿ ಸಂಖ್ಯೆಗಳಲ್ಲಿ ಮತ್ತು ಊರಿನ ಹೆಸರುಗಳಲ್ಲಿ. ಗಾರ್ಮಿನ್ ಕಂಪನಿಯ ಇಟ್ರೆಕ್ಸ್ 30ಎಕ್ಸ್, 32ಎಕ್ಸ್ ಮಾದರಿಗಳನ್ನು ಎದುರಿಗಿಟ್ಟುಕೊಂಡು ಬರೆದದ್ದಿದು.

ಜಿಯೋಫ್ಯಾಬ್ರಿಕ್‌ನಿಂದ (ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿಯನ್ನು ಪ್ರದೇಶವಾರು ಕೊಡುವ ಜಾಲತಾಣ) ಭಾರತದ ದಕ್ಷಿಣ ವಲಯದ, ಪಿಬಿಎಫ್ ಎಂಬ ಒತ್ತಿ ಕುಗ್ಗಿಸಿದ ರೂಪದ ಫೈಲ್ ಇಳಿಸಿಕೊಳ್ಳಿ. ಕರ್ನಾಟಕದ ಜೊತೆ ನೆರೆಯ ರಾಜ್ಯಗಳೂ ಅದರಲ್ಲೇ ಬರುವುದರಿಂದ ಆಸ್ಮಿಯಂ ಎಂಬ ತಂತ್ರಾಂಶದಲ್ಲಿ ಬೇಕಾದಷ್ಟನ್ನೇ ಕತ್ತರಿಸಿ. ರೇಖಾಂಶ 74.5ರಿಂದ 76, ಅಕ್ಷಾಂಶ 12.5ರಿಂದ 14.5 ಕೊಟ್ಟರೆ ಕುಮಾರ ಪರ್ವತ, ಕುದುರೆಮುಖ, ಮುಳ್ಳಯ್ಯನಗಿರಿ, ಕೊಡಚಾದ್ರಿ ನಾಲ್ಕೂ ಒಳಗೆ ಬರುತ್ತವೆ. ಮುಂದಿನದು ಸ್ಪ್ಲಿಟರ್, ದೊಡ್ಡ ಫೈಲನ್ನು ಟೈಲ್ ಎಂಬ ತುಂಡುಗಳಾಗಿ ಒಡೆಯುವ ತಂತ್ರಾಂಶ. ಒಂದು ಟೈಲಿಗೆ 16 ಲಕ್ಷ ನೋಡ್ (ನಕ್ಷೆಯ ಬಿಂದು) ಎಂಬುದು ಅದರ ಮೂಲ ಮಿತಿ. ಒಂದೇ ನಕ್ಷೆಯಲ್ಲಿ ಜಾಗ ಸಾಲದು ಎಂಬ ದೋಷ ಎಂಕೆಜಿಮ್ಯಾಪ್ ಹೇಳಿದರೆ ಮಿತಿಯನ್ನು 10 ಲಕ್ಷಕ್ಕೆ ಇಳಿಸಿ ಮತ್ತೆ ಒಡೆಯಿರಿ. ಜಾವಾಕ್ಕೆ 4 ಜಿಬಿ ಮೆಮೊರಿ ಕೊಟ್ಟಿರಿ.

ಈಗ ಐಡಿ ವಿಷಯ. ಸ್ಪ್ಲಿಟರ್ ತಾನಾಗಿ ಟೈಲುಗಳಿಗೆ 63240001ರಿಂದ ಎಂಟಂಕಿಯ ಸಂಖ್ಯೆ ಕೊಡುತ್ತದೆ. ಇಡೀ ನಕ್ಷೆಯನ್ನು ಗುರುತಿಸುವ ಫ್ಯಾಮಿಲಿ ಐಡಿಯನ್ನು ಎಂಕೆಜಿಮ್ಯಾಪ್‌ಗೆ ಹೇಳದಿದ್ದರೆ ಅದು 6324 ಎಂದಾಗುತ್ತದೆ. ರಸ್ತೆ ನಕ್ಷೆ, ಎತ್ತರದ ಗೆರೆಗಳ ನಕ್ಷೆ ಎರಡಕ್ಕೂ ಇದೇ ಸಂಖ್ಯೆಗಳು ಬಿದ್ದರೆ ಉಪಕರಣದಲ್ಲಿ ಒಂದು ಇನ್ನೊಂದನ್ನು ನುಂಗಿಬಿಡುತ್ತದೆ, ದೋಷದ ಸಂದೇಶವೂ ಬರುವುದಿಲ್ಲ. ಗೆರೆಗಳಿಗೆ 64240001ರಿಂದ ಶುರುಮಾಡಿ, ಫ್ಯಾಮಿಲಿ ಐಡಿಯನ್ನೂ ಬೇರೆ ಇಡಿ. ಬಣ್ಣ, ಚಿಹ್ನೆಗಳ ಟಿವೈಪಿ ಫೈಲಿನೊಳಗೂ ಒಂದು ಫ್ಯಾಮಿಲಿ ಐಡಿ ಕೂತಿರುತ್ತದೆ. ಅದು ನಕ್ಷೆಯದಕ್ಕೆ ತಾಳೆಯಾಗದಿದ್ದರೆ ನೀವು ಕಷ್ಟಪಟ್ಟು ಬಿಡಿಸಿದ ಚಿಹ್ನೆಗಳಲ್ಲಿ ಒಂದೂ ತೆರೆಯ ಮೇಲೆ ಬರುವುದಿಲ್ಲ.

ಎತ್ತರದ ಗೆರೆಗಳಿಗೆ ಫೈಗ್ಟ್‌ಮ್ಯಾಪ್ ಎಂಬ ತಂತ್ರಾಂಶ ಸಾಕು. 2000ರಲ್ಲಿ ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದ ಎಸ್‌ಆರ್‌ಟಿಎಂ ಎಂಬ ಎತ್ತರದ ಮಾಹಿತಿಯಿಂದ ಅದು ಗೆರೆ ಎಳೆಯುತ್ತದೆ. 10 ಮೀಟರಿಗೊಂದು ಗೆರೆ ಎಳೆಯುವ ಆಸೆ ಬೇಡ. ಆ ರೇಡಾರ್ ದಟ್ಟ ಕಾಡಿನಲ್ಲಿ ನೆಲ ಮುಟ್ಟದೆ ಮರಗಳ ನೆತ್ತಿಯ ಆಸುಪಾಸಿನ ಎತ್ತರವನ್ನು ಅಳೆದಿದೆ. ಜೊತೆಗೆ 2.2 ಇಂಚಿನ ತೆರೆಯಲ್ಲಿ ಘಟ್ಟದ ಇಳಿಜಾರೆಲ್ಲ ಕಂದು ಮಸಿಯಾಗುತ್ತದೆ. 20 ಮೀಟರಿಗೊಂದು ಸಣ್ಣ ಗೆರೆ, 100ಕ್ಕೊಂದು ದಪ್ಪ ಗೆರೆ ಹದ. ಈ ಪದರವನ್ನು ಪಾರದರ್ಶಕವೆಂದು ಗುರುತಿಸಿ, ಯಾವ ಪದರ ಮೇಲೆ ಬರಬೇಕೆಂದು ಹೇಳುವ ಡ್ರಾ ಪ್ರಯಾರಿಟಿಯನ್ನು ರಸ್ತೆ ನಕ್ಷೆಗಿಂತ ಹೆಚ್ಚಿಡಿ. ಇಲ್ಲದಿದ್ದರೆ ಗೆರೆ ಕೆಳಗೆ ಹೂತುಹೋಗುತ್ತದೆ, ಅಥವಾ ರಸ್ತೆಯೇ ಮಾಯವಾಗುತ್ತದೆ.

ಎಂಕೆಜಿಮ್ಯಾಪ್ ಓಡಿಸುವಾಗ ರೂಟ್ ಆಯ್ಕೆಯನ್ನು ಕೊಡದಿದ್ದರೆ ಉಪಕರಣ ನೇರ ಗೆರೆಯಲ್ಲಷ್ಟೇ ದಾರಿ ತೋರಿಸುತ್ತದೆ. ಇಂಡೆಕ್ಸ್ ಆಯ್ಕೆ ಕೊಡದಿದ್ದರೆ ವಿಳಾಸ ಹುಡುಕಲಾಗದು. ಕರಾವಳಿ ಸೇರಿಸಿಕೊಂಡವರು ಮೊದಲೇ ಸಿದ್ಧಪಡಿಸಿದ ಸಮುದ್ರದ ಫೈಲನ್ನು ಕೊಡಲೇಬೇಕು. ಕತ್ತರಿಸಿದ ಫೈಲಿನಲ್ಲಿ ದಡದ ಗೆರೆ ಅರ್ಧಕ್ಕೇ ತುಂಡಾಗಿರುವುದರಿಂದ ಉಡುಪಿಯ ಕಡೆಯ ಟೈಲ್ ಪೂರ್ತಿ ನೀಲಿಯಾದರೂ ಆಶ್ಚರ್ಯವಿಲ್ಲ. ಏನನ್ನು ಯಾವ ಜೂಮಿನಲ್ಲಿ ತೋರಿಸಬೇಕೆಂದು ಹೇಳುವ ಮೂಲ ಸ್ಟೈಲಿನಲ್ಲಿ ಕಾಲುದಾರಿ ತೀರ ಹತ್ತಿರದ ಜೂಮಿನಲ್ಲಿ ಮಾತ್ರ ಕಾಣುತ್ತದೆ. ಸ್ಟೈಲಿನ ಲೈನ್ಸ್ ಫೈಲಿನಲ್ಲಿ ಕಾಲುದಾರಿಯ ರೆಸಲ್ಯೂಷನ್ 22ಕ್ಕೆ ಇಳಿಸಿ, ಆಗ ದೂರದ ಜೂಮಿನಲ್ಲೂ ಕಾಣುತ್ತದೆ. ಚಾರಣಿಗರಿಗೆ ಇದೊಂದೇ ತಿದ್ದುಪಡಿ ಇಡೀ ಶ್ರಮಕ್ಕೆ ಬೆಲೆ ತರುತ್ತದೆ.

ಕನ್ನಡದಲ್ಲೇ ಹೆಸರು ಬೇಕೆನ್ನುವವರಿಗೆ ನಿರಾಸೆ ಖಚಿತ. ಈ ಉಪಕರಣಗಳಲ್ಲಿ ಕನ್ನಡದ ಫಾಂಟ್ ಇಲ್ಲ, ಒತ್ತಕ್ಷರದ ಮಾತು ದೂರವೇ ಉಳಿಯಿತು. ಯುನಿಕೋಡ್ ನಕ್ಷೆಗಳನ್ನು ಹಲವು ಹೊಸ ಫರ್ಮ್‌ವೇರ್‌ಗಳು ದೃಢೀಕರಿಸಲಾಗದು ಎಂದು ತಳ್ಳಿಹಾಕುತ್ತವೆ. ಇಂಗ್ಲಿಷ್ ಮೊದಲಾದ ಲ್ಯಾಟಿನ್ ಅಕ್ಷರಗಳ ಲ್ಯಾಟಿನ್1 ಆಯ್ಕೆ ಕೊಡಿ, ಹೆಸರಿನ ಟ್ಯಾಗ್ (ಮಾಹಿತಿಯ ಗುರುತುಚೀಟಿ) ಪಟ್ಟಿಯಲ್ಲಿ ಇಂಗ್ಲಿಷ್ ಹೆಸರನ್ನು ಮೊದಲಿಡಿ. ಆಗ ಕನ್ನಡದಲ್ಲಷ್ಟೇ ನಮೂದಾದ ಹಳ್ಳಿಗಳು ಮಾತ್ರ ತೊಂದರೆ ಕೊಡುತ್ತವೆ.

ಸಿದ್ಧವಾದ ಫೈಲನ್ನು ಮೈಕ್ರೊಎಸ್‌ಡಿ ಕಾರ್ಡಿನ ಗಾರ್ಮಿನ್ ಫೋಲ್ಡರಿಗೆ ಹಾಕಿ. ಕೇಬಲ್ಲಿಗಿಂತ ಕಾರ್ಡ್ ರೀಡರ್ ವಾಸಿ, ಬೇಗ ಮುಗಿಯುತ್ತದೆ. ಕಾರ್ಡ್ ಎಫ್‌ಎಟಿ32 ಆಗಿದ್ದರೆ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಸುರಕ್ಷಿತವಾಗಿ ಹೊರತೆಗೆಯದೆ ಎಳೆದರೆ ಫೈಲ್ ಅರ್ಧ ಬರೆದು ನಿಲ್ಲಬಹುದು, ಉಪಕರಣ ಶುರುವಾಗುವಾಗಲೇ ಹೆಪ್ಪುಗಟ್ಟಬಹುದು. ಗಾಬರಿ ಬೇಡ: ಕಾರ್ಡ್ ತೆಗೆದು ಚಾಲೂ ಮಾಡಿ, ಫೈಲ್ ಅಳಿಸಿ ಮತ್ತೆ ಹಾಕಿ. ಮ್ಯಾಪ್ ಸೆಟಪ್ಪಿನಲ್ಲಿ ಅದೇ ಪ್ರದೇಶದ ಬೇರೆ ವಿವರ ನಕ್ಷೆಗಳನ್ನು ಆಫ್ ಮಾಡಿಡಿ.

ಒಂದು ಕೊರತೆಯನ್ನು ಯಾವ ಕಮಾಂಡೂ ಸರಿಮಾಡದು. ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳ ಒಳರಸ್ತೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಖಾಸಗಿ ಎಂದು ನಮೂದಾಗಿರದಿದ್ದರೆ ರೂಟಿಂಗ್ ನೇರ ಬೀಗ ಹಾಕಿದ ಗೇಟಿಗೇ ಕರೆದೊಯ್ಯುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲೇ ಆ ರಸ್ತೆಗೆ ಖಾಸಗಿ ಪ್ರವೇಶದ ಟ್ಯಾಗ್ ಸೇರಿಸಿ, ಹೊಸ ಫೈಲ್ ಇಳಿಸಿ ನಕ್ಷೆ ಕಟ್ಟಿದರೆ ಆ ದಾರಿಯನ್ನು ರೂಟಿಂಗ್ ಹಾದುಹೋಗಲು ಆರಿಸುವುದಿಲ್ಲ.