ಮುತ್ಯಾನ ಯಾದಿ ಮತ್ತು ಐದು ಸಾಕ್ಷಿಗಳು: ಮೂರು ಸಾಫ್ಟ್‌ವೇರ್ ನೋಡಿದ ಮೇಲೆ

ಮುತ್ಯಾನ (ಅಜ್ಜನ) ಮದುವೆಯ ಯಾದಿ, ಅಂದರೆ ಕೊಡು-ಕೊಳ್ಳುವ ಪಟ್ಟಿ, ಸಿಕ್ಕಿದ್ದು ಕಲಬುರಗಿ ಮನೆಯ ತಗಡಿನ ಟ್ರಂಕಿನಲ್ಲಿ. ಎಷ್ಟು ಸೀರೆ, ಎಷ್ಟು ತೊಲೆ ಬೆಳ್ಳಿ ಅಂತ ಬರೆದು ಕೆಳಗೆ ಐದು ಜನ ಹಿರಿಯರ ಗುರುತು. ನಾಲ್ಕು ಸಹಿ, ಒಂದು ಹೆಬ್ಬೆಟ್ಟು. ಯಾದಿ ಮೇಲೆ ಶಾದಿಯಂತೆ, ಅವತ್ತೇ ಸಂಜೆ ಅಕ್ಕಿಕಾಳು ಬಿದ್ದಿದ್ದವು. ಹಾಗಾಗಿ ಮದುವೆಗೆ ಇರುವ ಕಾಗದ ಇದೊಂದೇ, ಸಾಕ್ಷಿಗಳೂ ಇವರೇ.

ಕಂಪ್ಯೂಟರಿನ ವಂಶವೃಕ್ಷದಲ್ಲಿ ಇವರನ್ನು ಎಲ್ಲಿ ಬರೆಯೋದು? ಮೊದಲು ಎಲ್ಲರ ಹಾಗೆ ಮದುವೆಯ ನೋಟ್‌ನಲ್ಲಿ ನಾಲ್ಕು ಹೆಸರು, ಜೊತೆಗೆ 'ಒಂದು ಹೆಬ್ಬೆಟ್ಟು' ಅಂತ ಟೈಪ್ ಮಾಡಿದೆ. ಅದು ಬರೀ ಅಕ್ಷರ. ಹೆಸರು ಒತ್ತಿದರೆ ಆ ಮನುಷ್ಯ ಸಿಗಲ್ಲ.

ಆಮೇಲೆ ಗ್ರ್ಯಾಂಪ್ಸ್ ಅನ್ನೋ ವಂಶವೃಕ್ಷದ ಸಾಫ್ಟ್‌ವೇರ್. ಪುಕ್ಕಟೆ, ಓಪನ್ ಸೋರ್ಸ್. ಇದರಲ್ಲಿ ಮದುವೆ ಅನ್ನೋದೇ ಒಂದು ಬೇರೆ ದಾಖಲೆ. ಸಾಕ್ಷಿಯ ಪುಟಕ್ಕೆ ಹೋಗಿ, ಇವೆಂಟ್ಸ್‌ನಲ್ಲಿ ಹೊಸದನ್ನು ಸೇರಿಸದೆ ಇರುವ ಮದುವೆಯನ್ನೇ 'ಶೇರ್' ಮಾಡಬೇಕು, ಪಾತ್ರ 'ವಿಟ್ನೆಸ್' ಅಂತ ಆರಿಸಬೇಕು. ನಾನು ಗೊತ್ತಿಲ್ಲದೆ ಹೊಸದಾಗಿ ಸೇರಿಸಿ ಮುತ್ಯಾಗೆ ಎರಡು ಮದುವೆ ಮಾಡಿಸಿಬಿಟ್ಟಿದ್ದೆ! ಪಾತ್ರದ ಹೆಸರನ್ನು ನಾವೇ ಬರೆಯಬಹುದು. ಆಯಿಯ (ಅಜ್ಜಿಯ) ತಂಗಿಗೆ 'ಕಳಸಗಿತ್ತಿ' ಅಂತ ಹಾಕಿದೆ. ಯಾದಿಯಲ್ಲಿ ಹೆಂಗಸರ ಹೆಸರು ಒಂದೂ ಇಲ್ಲ, ಇಲ್ಲಿಯಾದರೂ ಇರಲಿ. ಪಕ್ಕದ ಮನೆ ಗೆಳೆಯ ಅವರ ಅಜ್ಜನ ನಿಕಾಹ್‌ನಾಮಾ ತಂದಾಗಲೂ ಇದೇ ಅನುಕೂಲವಾಯಿತು: ಇಬ್ಬರು ಸಾಕ್ಷಿ, ಒಬ್ಬ ವಕೀಲ (ಕೋರ್ಟಿನವರಲ್ಲ, ವಧುವಿನ ಪರ ನಿಲ್ಲುವವರು), ಒಬ್ಬ ಖಾಜಿ. ಎಲ್ಲರನ್ನೂ ಸುಮ್ನೆ 'ಸಾಕ್ಷಿ' ಅಂದರೆ ತಪ್ಪಾಗುತ್ತೆ ಅಲ್ವಾ?

ತಾರೀಖಿನ ತಲೆನೋವು ಬೇರೆ. ಯಾದಿಯಲ್ಲಿರುವುದು ಫಸಲಿ 1350, ನಿಜಾಮರ ಕಾಲದ ಲೆಕ್ಕ. ಗ್ರ್ಯಾಂಪ್ಸ್‌ನಲ್ಲಿ ಹಿಜರಿ, ಪರ್ಷಿಯನ್ ಕ್ಯಾಲೆಂಡರ್ ಇವೆ, ಫಸಲಿ ಇಲ್ಲ. 590 ಕೂಡಿಸಿ, ಫಸಲಿ ವರ್ಷ ಎರಡು ಇಸವಿಗೆ ಹರಡುವುದರಿಂದ '1940 ಮತ್ತು 1941ರ ನಡುವೆ' ಅಂತ ಬರೆದು, ಮೂಲವನ್ನು ನೋಟ್‌ನಲ್ಲಿಟ್ಟೆ.

ರೂಟ್ಸ್‌ಮ್ಯಾಜಿಕ್‌ನಲ್ಲಿ ಕೆಲಸ ಇನ್ನೂ ಸಲೀಸು. ಮದುವೆಯ ಮೇಲೆ ನಿಂತು ಅಲ್ಲಿಂದಲೇ ಸಾಕ್ಷಿಗಳನ್ನು ಸೇರಿಸಬಹುದು. ವೃಕ್ಷದಲ್ಲಿ ಇಲ್ಲದವರಾದರೆ ಬರೀ ಹೆಸರು ಬರೆದರೂ ನಡೆಯುತ್ತೆ. ಗುರುತೇ ಸಿಗದ ಇಬ್ಬರಿಗೆ ಇದು ಚೆನ್ನಾಗಿ ಹೊಂದಿತು. ಆದರೆ ವರದಿಗೆ ಅದು ಇಂಗ್ಲಿಷ್ ವಾಕ್ಯದ ಅಚ್ಚಿನಲ್ಲಿ ಹೆಸರು ತುಂಬಿಸುತ್ತೆ. ಅಚ್ಚು ತಿದ್ದಿ ಕನ್ನಡ ಮಾಡಲು ಹೋದೆ. ಹೆಸರಿಗೆ 'ಅವರ', 'ಅವರಿಗೆ' ಅಂತ ವಿಭಕ್ತಿ ಅಂಟಿಸುವಷ್ಟರಲ್ಲಿ ಸಾಕಾಯಿತು.

ವೆಬ್‌ಟ್ರೀಸ್ ಬ್ರೌಸರ್‌ನಲ್ಲಿ ನಡೆಯುತ್ತೆ, ಬೀದರಿನ ಕಾಕಾ ಅಲ್ಲಿಂದಲೇ ನೋಡಬಹುದು. ಮದುವೆಗೆ 'ಅಸೋಸಿಯೇಟ್' ಅಂತ ಸಾಕ್ಷಿಯನ್ನು ಸೇರಿಸಬಹುದು. ಆದರೆ ಸರ್ವರ್, ಡೇಟಾಬೇಸ್ ಅಂತ ಇಡೀ ಭಾನುವಾರ ಹೋಯಿತು. ಇಬ್ಬರು ನೋಡೋದಕ್ಕೆ ಅಷ್ಟು ಜಾಸ್ತಿಯೇ.

ಒಂದರಿಂದ ಇನ್ನೊಂದಕ್ಕೆ ಹೋಗುವವರು ಹುಷಾರು. ವಂಶವೃಕ್ಷವನ್ನು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಒಯ್ಯಲು ಎಲ್ಲರೂ ಬಳಸುವ ಫೈಲ್ ನಮೂನೆ ಗೆಡ್‌ಕಾಮ್ 5.5.1ರಲ್ಲಿ ಮದುವೆಯ ಕೆಳಗೆ ಸಾಕ್ಷಿಗೆ ಜಾಗವೇ ಇಲ್ಲ. 2021ರ 7.0ರಲ್ಲಿ ಕೊಟ್ಟಿದ್ದಾರೆ. ನಾನು ಹಳೆಯ ನಮೂನೆಯಲ್ಲಿ ಫೈಲ್ ಕಳಿಸಿದೆ, ತಮ್ಮನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಮದುವೆ ಇದೆ, ಐದೂ ಜನ ನಾಪತ್ತೆ.

ಕೊನೆಗೆ ನಾನು ಉಳಿದಿದ್ದು ಗ್ರ್ಯಾಂಪ್ಸ್‌ನಲ್ಲೇ. ಕಾರಣ ಆಳಂದ ಕಡೆಯ ಒಬ್ಬ ಗೌಡರು. ಅವರ ಪುಟ ತೆರೆದರೆ ನಮ್ಮ ಮನೆತನದ ಮೂರು ಮದುವೆಗೆ ಸಾಕ್ಷಿ ಅಂತ ಸಾಲಾಗಿ ಬಂತು. ಕಾಕಾಗೆ ಫೋನ್ ಮಾಡಿದೆ. "ಅವರು ನಮ್ಮ ಆಯಿಯ ಸೋದರಮಾವ ಅಲ್ಲೇನಪಾ, ಇಷ್ಟ್ ದಿನ ಏನ್ ಹುಡುಕ್ಲತ್ತಿದ್ದಿ?" ಅಂದರು. ಹೆಬ್ಬೆಟ್ಟು ಯಾರದಂತ ಕೇಳಿದೆ. "ಅದು ನನಗೂ ಗೊತ್ತಿಲ್ಲ" ಅಂದರು. ಅವರನ್ನೂ ಹೆಸರಿಲ್ಲದೆ ಸೇರಿಸಿ, ಬೆರಳಿನ ಗುರುತಿನ ಫೋಟೋ ಅಂಟಿಸಿದ್ದೇನೆ.