ಕಪನೂರಿನ ತಗಡಿನ ಅಂಗಡಿ, ನಮ್ಮ ಗೋ-ಕಾರ್ಟ್

ತಮ್ಮನೂ ನಾನೂ ಮನೆಯಲ್ಲೇ ಮಾಡಿದ ಗೋ-ಕಾರ್ಟ್‌ಗೆ (ನಾಲ್ಕು ಚಕ್ರದ ಪುಟ್ಟ ತೆರೆದ ಗಾಡಿ) ಹಳೆಯ 110 ಸಿಸಿ ಸ್ಕೂಟರ್ ಎಂಜಿನ್ ಹಾಕಿದ್ದೆವು. ಚೌಕಟ್ಟಿಗೆ ತಾಗುತ್ತದೆ ಅಂತ ಎಂಜಿನ್‌ನ ಫ್ಯಾನ್, ಸಿಲಿಂಡರ್ ಮುಚ್ಚುವ ಪ್ಲಾಸ್ಟಿಕ್ ಕವಚ ತೆಗೆದಿದ್ದೆವು. ಕಲಬುರಗಿಯ ಏಪ್ರಿಲ್ ಬಿಸಿಲು ಗೊತ್ತಲ್ವಾ, 40 ಡಿಗ್ರಿ ದಾಟಿತ್ತು. ಹತ್ತೇ ನಿಮಿಷಕ್ಕೆ ಎಂಜಿನ್ ಸೊರಗಿ ನಿಂತುಬಿಡುತ್ತಿತ್ತು.

ಕಪನೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ತಗಡಿನ ಅಂಗಡಿಗೆ ಒಯ್ದೆವು. ಅಂಗಡಿಯ ಕಾಕಾ ಒಮ್ಮೆ ನೋಡಿ, "ಫ್ಯಾನ್ ಗಾಳಿ ಹೊಡಿತದ ಖರೆ, ಆದ್ರ ಫಿನ್‌ಗೆ ಹೋಗವಲ್ದಲ್ಲೋ ತಮ್ಮಾ" ಅಂದರು. ಫಿನ್ ಅಂದರೆ ಸಿಲಿಂಡರ್ ಮೈಮೇಲಿನ ತೆಳು ಲೋಹದ ಪಟ್ಟಿಗಳು. ಅವರು ಹೇಳಿದ್ದು ನಿಜ. ಕವಚ ಇಲ್ಲದಿದ್ದರೆ ಗಾಳಿ ಸುಮ್ನೆ ಚದುರಿ ಹೋಗುತ್ತದೆ. ಅದು ಸಿಲಿಂಡರ್‌ ಸುತ್ತಿ, ಫಿನ್‌ಗಳ ಸಂದಿಯಲ್ಲಿ ಹಾಯ್ದರೆ ಮಾತ್ರ ಎಂಜಿನ್ ತಂಪಾಗುತ್ತದೆ.

ಮೊದಲು ರಟ್ಟಿನಲ್ಲಿ ಅಳತೆ ಕತ್ತರಿಸಿದರು. ಆಮೇಲೆ 1 ಮಿ.ಮೀ. ಅಲ್ಯೂಮಿನಿಯಂ ತಗಡು ಮಡಿಸಿ ಹೊಸ ಕವಚ ಮಾಡಿದರು. ಬಿಸಿಗಾಳಿ ಸೀಟಿನ ಕಡೆ ಬರದಂತೆ ಅದರ ಬಾಯಿಯನ್ನು ಹಿಂದಕ್ಕೆ ತಿರುಗಿಸಿದರು. ಫಿನ್‌ಗಳ ನಡುವಿನ ಎಣ್ಣೆ ಜಿಡ್ಡು, ಮಣ್ಣನ್ನು ನಾವು ಕೇಳದೆಯೇ ಬ್ರಷ್ ಹಾಕಿ ತೆಗೆದರು. ಅದು ನನಗೆ ತುಂಬಾ ಹಿಡಿಸಿತು.

ತೆಗೆದುಕೊಂಡದ್ದು 650 ರೂಪಾಯಿ. ಎರಡು ದಿನ ಅಂದದ್ದು ನಾಲ್ಕಾಯಿತು. ಒಂದು ಅಂಚು ಚೂಪಾಗಿತ್ತು, ಮನೆಯಲ್ಲಿ ಅರ ಹಾಕಿ ಉಜ್ಜಿದೆ. ಈಗ ಅರ್ಧ ಗಂಟೆ ಬಿಡದೆ ಓಡಿಸಿದರೂ ಎಂಜಿನ್ ನಿಲ್ಲುವುದಿಲ್ಲ. ಹೋಗುವಾಗ ಗಾಡಿಯನ್ನೇ ಒಯ್ಯಿರಿ, ಬರೀ ಎಂಜಿನ್ ಕೊಟ್ಟರೆ ಅಳತೆ ಕೂಡುವುದಿಲ್ಲ.