ಎಂಜಿಬಿ ಬಾಗಿಲಿಗೆ ಮೂರು ದಾರಿ: ಫೈಬರ್, ಹೊಸ ತಗಡು, ತೇಪೆ

ಎರಡು ವರ್ಷ ನಮ್ಮ ಚಾವಡಿಯ ಮೂಲೆಯಲ್ಲಿ ಅಡಕೆ ಗೋಣಿಗಳ ಪಕ್ಕ ಕಾರಿನ ಎರಡು ಬಾಗಿಲುಗಳು ಮಲಗಿದ್ದವು. ಸೋದರಮಾವ ಕೊಡಗಿನ ಕಾಫಿ ತೋಟದವರೊಬ್ಬರಿಂದ ಕೊಂಡು ಬದಿಯಡ್ಕಕ್ಕೆ ತಂದಿದ್ದ ಇಂಗ್ಲೆಂಡಿನ 1967ರ ಎಂಜಿಬಿ ರೋಡ್‌ಸ್ಟರಿನ ಬಾಗಿಲುಗಳವು. ಎರಡು ಸೀಟು, ಬಟ್ಟೆಯ ಮಾಡು, ಎರಡೇ ಬಾಗಿಲು. ಆ ಎರಡರ ಮೇಲೆ ನಾನು ಮೂರು ವಿಧಾನ ಪ್ರಯೋಗಿಸಿ ನೋಡಿದೆ. ಹಳೆ ಕಾರು ಎತ್ತಿಕೊಂಡವರು ಬಾಗಿಲಿನ ವಿಷಯಕ್ಕೆ ಬಂದಾಗ ಎಲ್ಲರೂ ಕೇಳುವುದು ಒಂದೇ: ಯಾವುದು ಒಳ್ಳೆಯದು? ನನ್ನ ಅನುಭವದಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದ್ದು, ಬಾಗಿಲು ಎಲ್ಲಿ ಕೆಟ್ಟಿದೆ, ನಿಜವಾಗಿ ಕೆಟ್ಟಿರುವುದು ಬಾಗಿಲೇ ಹೌದಾ ಎಂದು.

ಎಂಜಿಬಿಗೆ ಬೇರೆ ಚಾಸಿ ಇಲ್ಲ. ಅದಕ್ಕೆ ಮೊದಲು ಬಂದ ಎಂಜಿಎಗೆ ಇತ್ತು. 1962ರಲ್ಲಿ ಬಂದ ಎಂಜಿಬಿಯಲ್ಲಿ ಬಾಡಿಯೇ ಎಲ್ಲ ಭಾರವನ್ನೂ ಹೊರುತ್ತದೆ. ಮೇಲೆ ತಗಡಿನ ಮಾಡು ಇಲ್ಲದ ಕಾರಾದ್ದರಿಂದ ಬಾಗಿಲಿನ ಕೆಳಗಿನ ಹೊಸ್ತಿಲು, ಗ್ಯಾರೇಜಿನವರು ಸಿಲ್ ಅನ್ನುವ ಪೆಟ್ಟಿಗೆ, ಅದರ ಬೆನ್ನೆಲುಬು. ಹೊರಗೊಂದು, ಒಳಗೊಂದು, ನಡುವೆ ಒಂದು ಎಂದು ಮೂರು ಪದರ ತಗಡು. ಇದು ಒಳಗಿಂದ ತುಕ್ಕು ಹಿಡಿದರೆ ಕಾರು ನಡುವಲ್ಲಿ ತಗ್ಗುತ್ತದೆ, ಬಾಗಿಲಿನ ಹಿಂದುಮುಂದಿನ ಕಂಬಗಳು ಮೇಲ್ಗಡೆ ಒಂದಕ್ಕೊಂದು ಹತ್ತಿರ ಬರುತ್ತವೆ. ಆಗ ಬಾಗಿಲು ಮೇಲೆ ತಾಗುತ್ತದೆ, ಕೆಳಗೆ ಬಾಯಿ ಬಿಡುತ್ತದೆ.

ನಮ್ಮ ಕಾರಿಗೆ ಆದದ್ದು ಅದೇ. ಮಾವ ಇದ್ದಾಗ ಒಂದು ವರ್ಕ್‌ಶಾಪಿಗೆ ಕೊಟ್ಟಿದ್ದರು. ಅವರು ಕಾರನ್ನು ಹಿಂದೆ ಮುಂದೆ ಸ್ಟ್ಯಾಂಡಿನ ಮೇಲೆ ಕೂರಿಸಿ, ನಡುವೆ ಏನೂ ಆಧಾರ ಕೊಡದೆ, ಎಡಗಡೆಯ ಸಿಲ್ ಕತ್ತರಿಸಿ ಹೊಸ ತಗಡು ಬೆಸೆದರು. ಬೆಸೆದಾದ ಮೇಲೆ ಎಡ ಬಾಗಿಲು ಮುಚ್ಚಲಿಲ್ಲ. ಮುಚ್ಚಿಸಲು ಬಾಗಿಲಿನ ಹಿಂದಿನ ಅಂಚನ್ನು ಗ್ರೈಂಡರಿನಲ್ಲಿ ಅರೆದರು. ಹೊರ ತಗಡನ್ನು ಒಳಗಿನ ಫ್ರೇಮಿಗೆ ಹಿಡಿದಿಡುವ ಅಂಚಿನ ಮಡಿಕೆಯೇ ಹೋಗಿ ಆ ತಗಡು ಫ್ರೇಮಿನಿಂದ ಬಿಡಿಸಿಕೊಂಡಿತು. ಅದರ ಮೇಲೆ ಪುಟ್ಟಿ ಹಚ್ಚಿ ಬಣ್ಣ ಹೊಡೆದು ಕೊಟ್ಟರು. ಬಾಗಿಲಿನ ಹೊಟ್ಟೆಗೂ ಕಪ್ಪು ಡಾಂಬರು ಬಣ್ಣ ಸುರಿದದ್ದರಿಂದ ಕೆಳ ಅಂಚಿನ ನೀರು ಹೋಗುವ ತೂತುಗಳು ಮುಚ್ಚಿಹೋದವು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಲ್ಲಿ ಬಾಗಿಲೊಳಗೆ ನೀರು ಕಟ್ಟಿ ನಿಂತರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಬಲ ಬಾಗಿಲಿನ ಕೆಳಭಾಗ ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಈ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ.

ಹೀಗೆ ಎರಡು ಬಾಗಿಲಿಗೆ ಎರಡು ಬೇರೆ ರೋಗ. ಎಡದ್ದರ ಅಂಚು ಹೋಗಿದೆ, ಬಲದ್ದರ ಬುಡ ಹೋಗಿದೆ. ಇದು ನನಗೆ ಮೊದಲೇ ಹೊಳೆಯಲಿಲ್ಲ.

ಮೊದಲು ಮಾಡಿದ್ದು ಫೈಬರ್. ನಮ್ಮ ಕರಾವಳಿಯಲ್ಲಿ ಮೀನಿನ ದೋಣಿಗೆ ಫೈಬರ್ ಮಾಡುವ ಕೈಗಳು ಬಹಳ ಒಳ್ಳೆಯವು. ಉಪ್ಪುನೀರಲ್ಲಿ ವರ್ಷಗಟ್ಟಲೆ ತಾಳುವ ಕೆಲಸ. ತುಕ್ಕಿಲ್ಲ, ಖರ್ಚು ಕಡಿಮೆ, ಅರೆದುಹೋದ ಅಂಚನ್ನು ಬೇಕಾದಷ್ಟು ಕಟ್ಟಬಹುದು. ದೋಣಿ ಮಾಡುವವರೊಬ್ಬರು ಎಡ ಬಾಗಿಲಿನ ಹಳೆ ತಗಡಿನ ಮೇಲೆಯೇ ಗಾಜಿನ ನಾರಿನ ಮ್ಯಾಟ್ ಹಾಸಿ, ರೆಸಿನ್ ಹಚ್ಚಿ, ಉಜ್ಜಿ ಅಂಚು ತೀಡಿ ಕೊಟ್ಟರು. ಎರಡು ದಿನದ ಕೆಲಸ. ನೋಡಲು ಎಷ್ಟು ಚಂದವಿತ್ತು!

ಮೂರು ತಿಂಗಳಲ್ಲಿ, ಫಾಲ್ಗುಣದ ಬಿಸಿಲು ಏರುವಾಗ, ತಗಡು ಮತ್ತು ಫೈಬರ್ ಸೇರುವಲ್ಲಿ ಕೂದಲೆಳೆಯಷ್ಟು ಗೆರೆ ಕಂಡಿತು. ಬಿಸಿಗೆ ಫೈಬರ್ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ, ಎರಡೂ ಒಂದಕ್ಕೊಂದು ಹೊಂದಿಕೊಂಡು ಹೋಗುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ಬಾಗಿಲು ಕೂರಿಸುವಾಗ ಮೇಲೆ ಸರಿ ಇದ್ದು ಕೆಳಮೂಲೆ ಹೊರಗೆ ನಿಂತರೆ, ಮೇಲೆ ಲಾಕಿನ ಹತ್ತಿರ ಮರದ ತುಂಡು ಇಟ್ಟು ಕೆಳಮೂಲೆಯನ್ನು ಮೊಣಕಾಲಿನಲ್ಲಿ ಒತ್ತಿ ಇಡೀ ಬಾಗಿಲನ್ನು ಸ್ವಲ್ಪ ತಿರುಚುವುದು ಟಿಂಕರಿಂಗಿನವರ ಹಳೆಯ ಕ್ರಮ. ಕಬ್ಬಿಣ ಅದಕ್ಕೆ ಬಗ್ಗುತ್ತದೆ. ಫೈಬರ್ ಬಗ್ಗಲಿಲ್ಲ, ಚಟ್ ಎಂದು ಅಂಚಲ್ಲಿ ಬಿರಿಯಿತು. ದೋಣಿಗೆ ಫೈಬರ್ ಸೈ. ದಿನಕ್ಕೆ ಹತ್ತು ಸಲ ಬಡಿದು ಮುಚ್ಚುವ ಬಾಗಿಲಿನ ಅಂಚಿಗೆ ಬೇಡ.

ಆಮೇಲೆ ಉಪ್ಪಳದ ಕಡೆಯ ಒಬ್ಬ ವಯಸ್ಸಾದ ಮೇಸ್ತ್ರಿ ಸಿಕ್ಕಿದರು. ಅಂಬಾಸಿಡರ್, ಹೆರಾಲ್ಡ್‌ಗಳ ಕಾಲದಿಂದ ತಗಡು ಬಡಿದವರು. ಬಾಗಿಲನ್ನು ಎತ್ತಿಯೂ ನೋಡಲಿಲ್ಲ. ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಸಿಲ್ಲಿನ ಉದ್ದಕ್ಕೂ ನೋಡಿ, "ಭಟ್ರೇ, ಬಾಗಿಲು ಆಮೇಲೆ ಮಾಡುವ. ಇದರ ಸೊಂಟ ಬಿದ್ದಿದೆ" ಅಂದರು.

ಸೊಂಟ ಎತ್ತುವುದಕ್ಕೆ ಹದಿನೈದು ದಿನ ಹಿಡಿಯಿತು. ನಾಲ್ಕೂ ಚಕ್ರ ನೆಲದ ಮೇಲೆ. ಬಾಗಿಲಿನ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಚೌಕ ಪೈಪು ಬೆಸೆಯುವ ಮುಂಚೆ, ನಡುವಿನ ಅಡ್ಡ ತೊಲೆಗೆ ಹಲಗೆ ಕೊಟ್ಟು ಜಾಕಿನಲ್ಲಿ ಒಂದೊಂದೇ ಎಳೆ ಎತ್ತಿದರು. ಅಳತೆಗೆ 4 ಮಿಲಿಮೀಟರಿನ ಪ್ಲೈವುಡ್ ತುಂಡುಗಳು. ಬಾಗಿಲು ಮುಚ್ಚಿ, ಸಂದಿನಲ್ಲಿ ಮೇಲೆ ಒಂದು, ನಡುವೆ ಒಂದು, ಕೆಳಗೆ ಒಂದು. ಮೂರೂ ಒಂದೇ ಬಿಗಿಯಲ್ಲಿ ಜಾರಿದ ಮೇಲೆಯೇ ಪೈಪು ಬೆಸೆದು, ವರ್ಕ್‌ಶಾಪಿನವರು ಹಾಕಿದ ತಗಡನ್ನು ಕತ್ತರಿಸಿ, ಮೂರು ಪದರವನ್ನೂ ಹೊಸದಾಗಿ ಹಾಕಿದರು. ಬಲಕ್ಕೆ ಇದನ್ನು ಮಾಡಿದಾಗ ಬಾಗಿಲಿನ ಸಂದು ತಾನಾಗಿಯೇ ಸರಿಯಾಯಿತು. ಎಡಕ್ಕೆ ಸಂದು 9 ಮಿಲಿಮೀಟರಿಗೆ ತೆರೆದುಕೊಂಡಿತು, ಏಕೆಂದರೆ ಬಾಗಿಲು ಅರೆದುಹೋಗಿತ್ತು. ಅಷ್ಟು ಹೊತ್ತಿಗೆ ನನಗೆ ದಾರಿ ಸ್ಪಷ್ಟ. ಅಂಚು ಹೋದ ಎಡಕ್ಕೆ ಪೂರ್ತಿ ಹೊಸ ಹೊರ ತಗಡು, ಬುಡ ಹೋದ ಬಲಕ್ಕೆ ತೇಪೆ.

ಎಂಜಿಬಿಯವರಿಗೆ ಒಂದು ಭಾಗ್ಯವಿದೆ. 1980ರವರೆಗೆ ಅಬಿಂಗ್ಡನ್ ಕಾರ್ಖಾನೆಯಿಂದ ಐದು ಲಕ್ಷಕ್ಕೂ ಹೆಚ್ಚು ಹೊರಬಂದ ಕಾರು ಇದು. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ 1988ರಲ್ಲಿ ಹಳೆಯ ಅಚ್ಚುಗಳನ್ನೇ ಬಳಸಿ ಇಡೀ ಬಾಡಿಯನ್ನು ಹೊಸದಾಗಿ ಮಾಡಲು ಶುರುಮಾಡಿತು. ಹಾಗಾಗಿ ಬಾಗಿಲಿನ ಹೊರ ತಗಡು ಇಂದಿಗೂ ಹೊಸದು ಸಿಗುತ್ತದೆ. ಇಂಗ್ಲೆಂಡಿನ ಅಂಗಡಿಯಿಂದ ತರಿಸಿದೆ. ಸಾಗಾಟ, ಸುಂಕ ಎಲ್ಲ ಸೇರಿ ತಗಡಿನ ಬೆಲೆಯ ಎರಡರಷ್ಟು ಆಯಿತು. ನಮ್ಮಲ್ಲಿ ಹಳೆ ಹೆರಾಲ್ಡ್ ಇಟ್ಟುಕೊಂಡವರಿಗೆ ಈ ಅನುಕೂಲ ಅಷ್ಟು ಸುಲಭದಲ್ಲಿ ಇಲ್ಲ, ಅವರು ತೇಪೆಯ ಭಾಗವನ್ನೇ ಓದಿಕೊಳ್ಳಲಿ.

ಹೊಸ ತಗಡಿನ ಅಂಚು ನೇರ ಮಡಚಿ ಬರುತ್ತದೆ. ಅದನ್ನು ಫ್ರೇಮಿನ ಸುತ್ತ ಪೂರ್ತಿ ಮಡಚಿ ಕೂರಿಸಬೇಕು. ಕೂರಿಸಲು ಎರಡು ಕ್ರಮ: ಮಡಚಿದ ಅಂಚಿಗೆ ಅಲ್ಲಲ್ಲಿ ವೆಲ್ಡಿಂಗ್ ಚುಕ್ಕೆ, ಅಥವಾ ಮಡಿಕೆಯೊಳಗೆ ಎರಡು ಟ್ಯೂಬಿನ ಎಪಾಕ್ಸಿ ಅಂಟು. ಕೆಳ ಅಂಚಿನಲ್ಲಿ ಸಿಒ2 ವೆಲ್ಡಿಂಗಿನ ಮೂರು ಚುಕ್ಕೆ ಕೊಟ್ಟು ನೋಡಿದೆವು. ಹೊರಗೆ ಮೂರು ಕಡೆ ಬೆಂಕಿಯ ಶಾಖಕ್ಕೆ ತಗಡು ಸೆಳೆದು ಗುಳಿ ಬಿತ್ತು, ಬೆಳಕಿಗೆ ಹಿಡಿದರೆ ಈಗಲೂ ಕಾಣುತ್ತದೆ. ಉಳಿದದ್ದಕ್ಕೆಲ್ಲ ಅಂಟು. ಮೇಸ್ತ್ರಿಗೆ ಅಂಟಿನಲ್ಲಿ ನಂಬಿಕೆ ಇರಲಿಲ್ಲ. ನನಗೆ ಅದು ಇಷ್ಟವಾದದ್ದು ಇನ್ನೊಂದು ಕಾರಣಕ್ಕೆ: ಮಡಿಕೆಯೊಳಗೆ ನೀರಿಗೆ ಹೋಗಲು ಜಾಗವೇ ಉಳಿಯುವುದಿಲ್ಲ. ನಮ್ಮ ಹವೆಯಲ್ಲಿ ಬಾಗಿಲು ಸಾಯುವುದು ಆ ಮಡಿಕೆಯಿಂದಲೇ.

ಮಡಚುವುದನ್ನು ಅವರು ಒಂದೇ ಏಟಿಗೆ ಮಾಡಲಿಲ್ಲ. ಹೊರಗಿನಿಂದ ಡಾಲಿ, ಅಂದರೆ ಏಟಿಗೆ ಎದುರು ಕೊಡುವ ಕಬ್ಬಿಣದ ಗಟ್ಟಿ, ಹಿಡಿದು, ಒಳಗಿಂದ ಸುತ್ತಿಗೆಯಲ್ಲಿ ಮೂರು ಸುತ್ತು. ಮೊದಲ ಸುತ್ತಿಗೆ ಅಂಚು ಸ್ವಲ್ಪ ಬಾಗಬೇಕು, ಎರಡನೆಯದಕ್ಕೆ ಇನ್ನಷ್ಟು, ಮೂರನೆಯದಕ್ಕೆ ಪೂರ್ತಿ ಮಲಗಬೇಕು. ಡಾಲಿಗೆ ಹಳೆ ಮುಂಡಿನ ಬಟ್ಟೆ ಸುತ್ತಿದ್ದರು, ಹೊರಮೈಗೆ ಗೀರು ಬೀಳದ ಹಾಗೆ. ಸುತ್ತಿಗೆಯ ಸದ್ದು ಠಣ್ ಠಣ್ ಎಂದಿದ್ದದ್ದು ಅಂಚು ಫ್ರೇಮಿಗೆ ಕೂತ ಕಡೆಯಲ್ಲೆಲ್ಲ ಟಪ್ ಟಪ್ ಆಗುತ್ತಿತ್ತು. ಆ ಸದ್ದು ಕೇಳಿಯೇ ಅವರು ಮುಂದಿನ ಜಾಗಕ್ಕೆ ಹೋಗುತ್ತಿದ್ದರು.

ಅಂಟಿನಿಂದ ಸಿಕ್ಕಿದ ಅತಿ ದೊಡ್ಡ ಲಾಭ ಆ ಸಂಜೆಯದ್ದು. ಅಂಟು ಗಟ್ಟಿಯಾಗುವ ಮೊದಲೇ ಬಾಗಿಲನ್ನು ಕಾರಿಗೆ ಸಿಕ್ಕಿಸಿ, ಮುಚ್ಚಿ, ಸಂದಿಗೆ ಪ್ಲೈವುಡ್ ತುಂಡು ಕೊಟ್ಟು ರಾತ್ರಿಯಿಡೀ ಬಿಟ್ಟೆವು. ಬೆಳಗ್ಗೆ ಬಾಗಿಲು ಆ ಕಾರಿನದ್ದೇ ಆಕಾರದಲ್ಲಿ ಗಟ್ಟಿಯಾಗಿತ್ತು. ವೆಲ್ಡಿಂಗಿನಲ್ಲಿ ಇದು ಸಾಧ್ಯವಿಲ್ಲ. ಬದಲಿಗೆ ಅಂಟಿಗೆ ಒಂದು ಕಟ್ಟುನಿಟ್ಟಿದೆ. ತಗಡು ಬೆಳ್ಳಗೆ ಹೊಳೆಯುವಷ್ಟು ಶುದ್ಧವಿರಬೇಕು. ಮಳೆಗಾಲದ ತೇವದಲ್ಲಿ ಈ ಕೆಲಸ ಮಾಡಲೇಬಾರದು.

ಬಲ ಬಾಗಿಲಿನ ತೇಪೆ ಅಗ್ಗವೂ ಹೌದು, ಕಷ್ಟವೂ ಹೌದು. ಬುಡದಿಂದ ನಾಲ್ಕು ಇಂಚು ಕತ್ತರಿಸಿ, 20 ಗೇಜಿನ ಹೊಸ ತಗಡು. ಎರಡು ಕಬ್ಬಿಣದ ಆಂಗಲ್ ನಡುವೆ ಇಟ್ಟು ಅಂಚು ಮಡಚಿದರು. ಎಂಜಿಬಿ ಬಾಗಿಲು ಕೆಳಗಡೆ ಹೆಚ್ಚುಕಡಿಮೆ ಚಪ್ಪಟೆ, ಆದ್ದರಿಂದ ಕೈಯಲ್ಲೇ ರೂಪ ಬರುತ್ತದೆ. ಮೇಲಿನ ಉಬ್ಬನ್ನು ಕೈಯಲ್ಲಿ ಮಾಡಹೋಗಬಾರದು. ಬೆಸುಗೆ ಮಾತ್ರ ತಾಳ್ಮೆಯ ಕೆಲಸ. ಒಂದು ಚುಕ್ಕೆ ಈ ತುದಿಗೆ, ಮುಂದಿನದು ಆ ತುದಿಗೆ, ಮೂರನೆಯದು ನಡುವೆ. ಆರಿದ ಮೇಲೆ ಪ್ರತಿ ಚುಕ್ಕೆಯನ್ನೂ ಡಾಲಿಯ ಮೇಲೆ ಬಡಿದು ಹಿಗ್ಗಿಸಬೇಕು, ಇಲ್ಲದಿದ್ದರೆ ಗೆರೆಯುದ್ದಕ್ಕೂ ತಗ್ಗು. ನಾಲ್ಕು ದಿನದ ಕೂಲಿ, ತಗಡಿನ ಖರ್ಚು ಅದರ ಮುಂದೆ ಲೆಕ್ಕಕ್ಕಿಲ್ಲ. ಮೇಲಿನ ಮುಕ್ಕಾಲು ಪಾಲು ಕಾರ್ಖಾನೆಯದ್ದೇ ತಗಡು ಉಳಿಯಿತು ಎಂಬುದು ನನಗೆ ದುಡ್ಡಿಗಿಂತ ದೊಡ್ಡದು.

ಅದೇ ಬಾಗಿಲಿನಲ್ಲಿ ಎಂಜಿಬಿಯ ಹೆಸರುವಾಸಿ ಬಿರುಕೂ ಇತ್ತು, ಮುಂದಿನ ತ್ರಿಕೋನ ಗಾಜಿನ ಬುಡದಲ್ಲಿ. ಬರೇ ಬೆಸೆದದ್ದು ಒಂದು ಮಳೆಗಾಲ ನಿಂತಿತು, ಮತ್ತೆ ಬಿಟ್ಟಿತು. ಎರಡನೆಯ ಸಲ ಬಿರುಕಿನ ತುದಿಗೆ ಸಣ್ಣ ತೂತು ಕೊರೆದು, ಬೆಸೆದು, ಹಿಂದಿನಿಂದ ಬೆರಳಗಲದ ತಗಡಿನ ಆಧಾರ ಕೊಟ್ಟೆವು. ಅದು ನಿಂತಿದೆ. ಗಾಜಿನ ಚೌಕಟ್ಟು ಹಿಡಿದು ಬಾಗಿಲು ಎಳೆಯಬೇಡಿ ಎಂದು ಮನೆಯವರಿಗೆಲ್ಲ ಹೇಳಿದ್ದೇನೆ.

ಹಿಂಜಿನ, ಅಂದರೆ ಬಾಗಿಲು ತಿರುಗುವ ಕೀಲಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಸವೆದ ಪಿನ್ನಿಗೆ ಕಾಸರಗೋಡಿನಲ್ಲಿ ಲೇತಿನಲ್ಲಿ ದಪ್ಪ ಪಿನ್ ಮಾಡಿಸಿದ್ದು ಹೊಸ ಹಿಂಜಿನಷ್ಟೇ ಬಿಗಿಯಾಗಿ ಕೂತಿದೆ, ಹೊಸದಕ್ಕೆ ದುಡ್ಡು ಹಾಕಬೇಡಿ. ಆದರೆ ಅದರ ಸ್ಕ್ರೂಗಳನ್ನು ಬರಿ ಸ್ಕ್ರೂಡ್ರೈವರಿನಲ್ಲಿ ಬಿಚ್ಚಹೋಗಿ ತಲೆ ಕೆಡಿಸಬೇಡಿ. ಸುತ್ತಿಗೆಯಲ್ಲಿ ಬಡಿದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಬೇಕೇಬೇಕು.

ಬಾಗಿಲಿನ ಸುತ್ತ ಸಂದು ಮುಚ್ಚುವ ರಬ್ಬರಿನಲ್ಲೂ ಎರಡು ಬಗೆ ನೋಡಿದೆ. ಮಂಗಳೂರಿನಲ್ಲಿ ಮೀಟರಿನ ಲೆಕ್ಕದಲ್ಲಿ ಸಿಗುವ ಮಾರುತಿ 800ರ ಬೀಡಿಂಗ್ ಸ್ವಲ್ಪ ದಪ್ಪ. ಹಾಕಿದ ದಿನ ಬಾಗಿಲು 3 ಮಿಲಿಮೀಟರು ಹೊರಗೆ ನಿಂತಿತು, ಬಡಿಯದೆ ಲಾಕ್ ಬೀಳುತ್ತಿರಲಿಲ್ಲ. ಇಂಗ್ಲೆಂಡಿನದ್ದು ಮೆತ್ತಗೆ, ಮೊದಲ ದಿನದಿಂದಲೇ ಸರಿ. ಲಾಕಿನ ಕೊಂಡಿಯನ್ನು ರಬ್ಬರು ಹಾಕಿದ ಮೇಲೆಯೇ ಹೊಂದಿಸಬೇಕು, ನಾನು ಮೊದಲೇ ಹೊಂದಿಸಿ ಒಂದು ಇಡೀ ಭಾನುವಾರ ಕಳೆದೆ.

ಈಗ ಪಕ್ಕಪಕ್ಕ ನಿಲ್ಲಿಸಿ ನೋಡಿದರೆ ಎಡ ಬಾಗಿಲು ನುಣುಪು, ಬಲ ಬಾಗಿಲು ಹೆಚ್ಚು ಜೀವಂತ. ಕೈ ಸವರಿದರೆ ಬೆಸುಗೆಯ ಗೆರೆ ಬೆರಳಿಗೆ ಸಿಗುತ್ತದೆ, ಕಣ್ಣಿಗೆ ಸಿಗುವುದಿಲ್ಲ. ಮುಚ್ಚುವ ಸದ್ದಿನಲ್ಲಿ ಬಲವೇ ಮೇಲು. ಅಂಚು ಉಳಿದಿರುವ ಬಾಗಿಲಿಗೆ ನಾನು ಕಣ್ಣು ಮುಚ್ಚಿ ತೇಪೆಯನ್ನೇ ಹೇಳುತ್ತೇನೆ. ಅಂಚು ಹೋಗಿದ್ದರೆ ಹೊಸ ತಗಡು ಮತ್ತು ಅಂಟು.

ಕಳೆದ ಆಟಿಯ ಮಳೆಯಲ್ಲಿ ಎರಡೂ ಬಾಗಿಲಿನ ಒಳ ಕಾರ್ಡ್‌ಬೋರ್ಡ್ ಬಿಚ್ಚಿ, ಟಾರ್ಚು ಹಾಕಿ ನೋಡಿದೆ. ಕೆಳಗಿನ ತೂತುಗಳಿಂದ ನೀರು ಹನಿಹನಿಯಾಗಿ ಅಂಗಳಕ್ಕೆ ಇಳಿಯುತ್ತಿತ್ತು, ಒಳಗೆ ಪ್ರೈಮರಿನ ಬೂದಿ ಬಣ್ಣ ಹಾಗೆಯೇ ಇತ್ತು. ಎಡ ಬಾಗಿಲಿನ ಹಿಂದಿನ ಕೆಳಮೂಲೆ ಮಾತ್ರ ಇನ್ನೂ ಅರ್ಧ ಮಿಲಿಮೀಟರು ಹೊರಗಿದೆ. ಮೇಸ್ತ್ರಿ ತುಲಾಮಾಸದಲ್ಲಿ ಬರುತ್ತೇನೆ ಅಂದಿದ್ದಾರೆ, ಬಣ್ಣ ಅದರ ಮೇಲೆಯೇ.